ಗುರುಬಾಯಿಯ ಇಂಗ್ಲಿಷ್ ಒಡಪು

ಹತ್ತೊಂಬತ್ತು ವರ್ಷದ ಹಿಂದೆ, ಗುರುಮಠಕಲ್ ಕಡೆಯ ಒಂದು ಊರಿನಲ್ಲಿ, ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದೆಯುವ ಮೊದಲು ಗುರುಬಾಯಿ ಅತ್ತೆಗೆ ಒಂದು ಮಾತು ಕೊಟ್ಟಳು: ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕೊಡುವುದು ಕಷ್ಟವೇನಿರಲಿಲ್ಲ. ಆ ಸೀಮೆಯಲ್ಲಿ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಹೇಳಿದಷ್ಟು ಸಲ ಗಂಡನ ಆಯುಷ್ಯ ಸವೆಯುತ್ತದೆ ಎಂದು ಎಲ್ಲರೂ ನಂಬಿದ್ದರು. ನಂಬದವರೂ ಸುಮ್ಮನೆ ಯಾಕೆ ಪರೀಕ್ಷೆ ಮಾಡಬೇಕೆಂದು ಬಾಯಿ ಮುಚ್ಚಿಕೊಂಡಿದ್ದರು. ಆದರೆ ಅದೇ ಹೊಸ್ತಿಲಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದರು. ಅದಕ್ಕೆಂದೇ ಹಿರಿಯರು ಒಡಪು ಅಂತ ಒಂದು ದಾರಿ ಮಾಡಿಟ್ಟಿದ್ದಾರೆ. ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳುವುದು. ಗುರುಬಾಯಿ ತಲೆ ಮೇಲೆ ಸೆರಗೆಳೆದುಕೊಂಡು, ತವರಿನಲ್ಲಿ ಕಟ್ಟಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ್ದಳು:

ತೊಗರಿ ಹೂವಿಗೆ ಅರಿಷಿಣ ಬಣ್ಣ,
ನನ್ನ ಕೈ ಹಿಡಿದವರು ಸಂಗಣ್ಣ.

ಅತ್ತೆ ಪಾರ್ವತೆಮ್ಮ ನಕ್ಕು ದೃಷ್ಟಿ ತೆಗೆದಳು. “ಒಡಪಿನಾಗ ಹೇಳಿದ್ದು ಹೇಳಿದಂಗಲ್ಲವ್ವಾ, ಹೂವಿನಾಗ ಕಟ್ಟಿ ಕೊಟ್ಟಂಗ. ಬರೇ ಹೆಸರು ಮಾತ್ರ ಬಾಯಾಗ ಬರಬಾರ್ದು.”

ಅದಾದ ಮೇಲೆ ಸಂಗಣ್ಣನಿಗೆ ಹೆಂಡತಿಯ ಬಾಯಿಂದ ತನ್ನ ಹೆಸರು ಕೇಳುವ ಯೋಗ ಬರಲಿಲ್ಲ. ಮೊದಲ ಎರಡು ವರ್ಷ ಅವನು ‘ಏನ್ರಿ’ ಆಗಿದ್ದ. ಮಗಳು ಹುಟ್ಟಿದ ಮೇಲೆ ‘ಶೈಲಾನಪ್ಪ’ ಆದ. ಊರು ಬಿಟ್ಟು ಹೈದರಾಬಾದಿಗೆ ಬಂದು, ಕೊಂಡಾಪುರದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಅವನು ಸೆಂಟ್ರಿಂಗ್ ಕೆಲಸಕ್ಕೆ ಹೋಗತೊಡಗಿದ. ಅವಳು ಅಂಥದೇ ಒಂದು ಗಾಜಿನ ಕಟ್ಟಡದಲ್ಲಿ, ಹೌಸ್‌ಕೀಪಿಂಗ್ ಏಜೆನ್ಸಿಯ ನೀಲಿ ಸಮವಸ್ತ್ರ ತೊಟ್ಟು ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಸನತ್‌ನಗರದ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ. ಪಾರ್ವತೆಮ್ಮ ಅಲ್ಲೇ, ಮೊಮ್ಮಗಳ ಜಡೆ ಹಾಕುತ್ತ ಹಾಕುತ್ತ ಮುದುಕಿಯಾಗಿ, ಎಂಟು ವರ್ಷದ ಹಿಂದೆ ತೀರಿಕೊಂಡಳು. ಕೊಟ್ಟ ಮಾತಿನಿಂದ ಗುರುಬಾಯಿಯನ್ನು ಬಿಡಿಸುವವರು ಯಾರೂ ಉಳಿಯಲಿಲ್ಲ.

ಈ ವರ್ಷ ಯುಗಾದಿ ಮುಗಿದ ಮೇಲೆ ಏಜೆನ್ಸಿಯ ಪ್ರಾಜಕ್ತಾ ಮೇಡಂ ಗುರುಬಾಯಿಯನ್ನು ಕರೆಸಿದಳು. ಸೊಲ್ಲಾಪುರದ ಹುಡುಗಿ, ಹಿಂದಿಯಲ್ಲಿ ಮಾತಾಡುತ್ತಿದ್ದಳು, ಮಾತು ನೇರ. ನಾಲ್ಕನೇ ಮಹಡಿಯ ಸೂಪರ್‌ವೈಸರ್ ಕೆಲಸ ಬಿಡುತ್ತಿದ್ದಾನೆ, ಹನ್ನೊಂದು ವರ್ಷ ಆ ಮಹಡಿಯನ್ನು ತಿಕ್ಕಿದವಳು ನೀನು, ನಾನು ನಿನ್ನ ಹೆಸರನ್ನೇ ಕಳಿಸುತ್ತೇನೆ ಎಂದಳು. ಆದರೆ ಆ ಮಹಡಿಯ ಕಂಪನಿಯವರು ಒಂದು ತಿಂಗಳ ನಂತರ ತಾವೇ ಇಂಟರ್‌ವ್ಯೂ ಮಾಡುತ್ತಾರೆ, ಎಲ್ಲ ಇಂಗ್ಲಿಷಿನಲ್ಲಿ. ಬರೆಯುವುದೇನಿಲ್ಲ, ಮಾತು ಮಾತ್ರ. ಹೆಸರು, ಊರು, ಮನೆ, ಕೆಲಸ, ಅವರು ಕೇಳಿದ್ದಕ್ಕೆ ಬಾಯಿಂದಲೇ ಉತ್ತರ ಬರಬೇಕು. ಹೋದ ಸಲ ಒಬ್ಬಳು ಪ್ರಶ್ನೆಗೊಮ್ಮೆ ಆಧಾರ್ ಕಾರ್ಡನ್ನು ಮುಂದೆ ಹಿಡಿದಳಂತೆ, ಅಲ್ಲಿಗೇ ಮುಗಿಯಿತು.

ಗುರುಬಾಯಿಗೆ ಆ ಕೆಲಸ ಬೇಕಿತ್ತು. ಯಾಕೆ ಬೇಕೆಂದು ಅವಳ ಮೊಣಕಾಲನ್ನು ಕೇಳಬೇಕು. ಸಂಜೆ ಹೊತ್ತಿಗೆ ಎರಡೂ ಮೊಣಕಾಲು ಬುರುಬುರು ಊದಿಕೊಂಡು, ಸಿಟಿ ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರಮ್ಮ ಕೈ ಕೊಡುವ ಹಾಗಾಗಿತ್ತು. ಇನ್ನೆರಡು ವರ್ಷ ನೆಲ ಒರೆಸಿದರೆ ಮೂರನೆಯ ವರ್ಷ ಒರೆಸಲು ಕಾಲೇ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಂಗಣ್ಣನ ಎಡಗಾಲು ಆರು ವರ್ಷದ ಹಿಂದೆಯೇ ಹೋಗಿತ್ತು. ಅವನೀಗ ನಟ್ಟು ಬೋಲ್ಟಿನ ಸಣ್ಣ ಕಾರ್ಖಾನೆಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವ ವಾಚ್‌ಮನ್. ಒಂದು ಮನೆಯಲ್ಲಿ ಎರಡು ಒಳ್ಳೆಯ ಕಾಲಾದರೂ ಇರಬೇಕಲ್ಲ.

ಇಂಗ್ಲಿಷು ಎಲ್ಲಿಂದ ತರುವುದು? ಮಗಳು ಶೈಲಾ ಇಂಟರ್ ಕಾಲೇಜಿನ ಮೊದಲ ವರ್ಷ ಓದುತ್ತಿದ್ದಳು. ಎರಡು ದಿನ ಕಲಿಸಲು ನೋಡಿ, ಅವ್ವನ ಮೇಲೆ ರೇಗಿ, ತಾನೇ ಅತ್ತು ಬಿಟ್ಟುಕೊಟ್ಟಳು. ಹೆತ್ತವರಿಗೆ ಕಲಿಸುವುದು ಕೂಸಿಗೆ ಕಲಿಸಿದಂತಲ್ಲ. ಕೊನೆಗೆ ಅವಳೇ ಹೇಳಿದಳು, “ಗೋದಾವರಿ ಬಾಯಾರ್ನ ಕೇಳವ್ವ. ಅರ್ಧ ನಾರಾಯಣಗೂಡಕ್ಕ ಅವರೇ ಇಂಗ್ಲಿಷ್ ಕಲಿಸ್ಯಾರ.”

ಗೋದಾವರಿಬಾಯಿ ಮೂಲತಃ ಕಲಬುರ್ಗಿಯವರು. ಅವರ ಮಾವನವರು ನಿಜಾಮರ ಕಾಲದಲ್ಲೇ ಸರಕಾರಿ ನೌಕರಿಗೆ ಇಲ್ಲಿಗೆ ಬಂದವರು. ನಾರಾಯಣಗೂಡದ ಒಂದು ಜೂನಿಯರ್ ಕಾಲೇಜಿನಲ್ಲಿ ಬಾಯಾರು ಇಂಗ್ಲಿಷ್ ಕಲಿಸುತ್ತ ಮೂವತ್ತು ವರ್ಷವಾಗಿತ್ತು. ಪ್ರತಿ ಭಾನುವಾರ ಗುರುಬಾಯಿ ಅವರ ಮನೆಗೆ ಹೋಗಿ ವಾರಕ್ಕಾಗುವಷ್ಟು ಕಡಕ್ ರೊಟ್ಟಿ ಬಡಿದು ಬರುತ್ತಿದ್ದಳು. ಐದು ವರ್ಷದಿಂದ ಆ ಅಡುಗೆಮನೆಯಲ್ಲಿ ಇಬ್ಬರ ನಡುವೆ ರೊಟ್ಟಿಯ ಲೆಕ್ಕ, ಮಕ್ಕಳ ಮಾರ್ಕು, ಮಂಡಿನೋವಿನ ಎಣ್ಣೆ ಇಷ್ಟರ ಮಾತೇ ಆಗಿತ್ತು.

ಗುರುಬಾಯಿ ಕೇಳಿದಾಗ ಗೋದಾವರಿಬಾಯಿ ಎದುರಿಗಿದ್ದ ಉತ್ತರಪತ್ರಿಕೆಗಳ ಗಂಟನ್ನು ನೋಡಿದರು. ಮುನ್ನೂರು ಮಕ್ಕಳು, ಮುನ್ನೂರು ಕಾಗದ, ಒಂದೇ ಗೈಡಿನಿಂದ ಇಳಿಸಿದ ಒಂದೇ ಉತ್ತರ. ಕೆಂಪು ಪೆನ್ನಿಗೆ ಕ್ಯಾಪು ಹಾಕಿದರು.

“ನೀ ರೊಟ್ಟಿ ಬಡಿಯೋದು ನಿಲ್ಲಿಸಬ್ಯಾಡ. ನಾ ಇಲ್ಲೇ ಸ್ಟೂಲ್ ಮ್ಯಾಲ ಕೂಡ್ತೀನಿ.”

ಪುಸ್ತಕ ತರುತ್ತಾರೆಂದು ಗುರುಬಾಯಿ ಕಾದಳು. ತರಲಿಲ್ಲ. ಹಿಟ್ಟು, ನೀರು, ಬೆಂಕಿ, ಹೆಂಚು, ಕೈಗೆ ಸಿಕ್ಕದ್ದರ ಹೆಸರಿನಿಂದಲೇ ಶುರುವಾಯಿತು. ಎರಡನೆಯ ಭಾನುವಾರ ಹೆಸರುಗಳೆಲ್ಲ ವಾಕ್ಯಗಳಾದವು. ಆದರೆ ಗುರುಬಾಯಿಯ ವಾಕ್ಯ ಒಣಗಿದ ರೊಟ್ಟಿಯ ಹಾಗೆ ನಡುವೆಯೇ ಮುರಿಯುತ್ತಿತ್ತು. ಪ್ರತಿ ಶಬ್ದಕ್ಕೂ ಒಂದೇ ಜೋರು ಕೊಟ್ಟು, ಎಲ್ಲವನ್ನೂ ಒಂದೇ ಸಮ ಕೂಗುತ್ತಿದ್ದಳು. ಗೋದಾವರಿಬಾಯಿ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಅವಳ ಕೈ ಕಡೆಗೆ ಬೆರಳು ಮಾಡಿದರು.

“ನಿನ್ನ ಕೈ ಏನು ಮಾಡಲಿಕ್ಕತ್ತದ ನೋಡು. ಒಂದು ಸಣ್ಣ ಪೆಟ್ಟು, ಒಂದು ದೊಡ್ಡ ಪೆಟ್ಟು. ಸಣ್ಣದರಾಗ ತಿರುಗಸ್ತೀ, ದೊಡ್ಡದರಾಗ ಹಿಗ್ಗಸ್ತೀ. ಇಂಗ್ಲಿಷೂ ಹಂಗೇ. ಎಲ್ಲಾ ಶಬ್ದಕ್ಕೂ ಒಂದೇ ಪೆಟ್ಟು ಹಾಕಿದ್ರ ರೊಟ್ಟಿ ಹರೀತದ.”

ಅವರು ಸ್ಟೂಲಿನ ಮೇಲೆ ಬೆರಳು ಬಡಿಯುತ್ತ ಹೇಳಿ ತೋರಿಸಿದರು: ಐ ಕ್ಲೀನ್ ದ ಫ್ಲೋರ್. ಐ ವಾಶ್ ದ ಗ್ಲಾಸ್. ಸಣ್ಣದು, ದೊಡ್ಡದು, ಸಣ್ಣದು, ದೊಡ್ಡದು. ಗುರುಬಾಯಿ ರೊಟ್ಟಿ ಬಡಿಯುತ್ತ ಹೇಳಿದಳು. ಎರಡನೆಯ ಸಲ ಕೈಯೂ ಬಾಯಿಯೂ ಜೊತೆಗೂಡಿದವು. ಅವಳ ಮುಖದ ಮೇಲೆ ಏನೋ ಆಯಿತು. ಹನ್ನೊಂದು ವರ್ಷ ಆ ಭಾಷೆ ಅವಳ ತಲೆಯ ಮೇಲಿಂದ ಹಾದು ಹೋಗುತ್ತಿತ್ತು, ಲಿಫ್ಟಿನಲ್ಲಿ, ಮೀಟಿಂಗ್ ರೂಮಿನಲ್ಲಿ, ಕೈ ತೊಳೆಯುವ ಸಿಂಕಿನ ಹತ್ತಿರ. ಅದಕ್ಕೂ ಒಂದು ಬಡಿತವಿದೆ, ಅದು ತನ್ನ ಕೈಯಲ್ಲೇ ಇದೆ ಎಂದು ಯಾರು ಹೇಳಿದ್ದರು?

“ಇದು ಚಂದ ಐತ್ರಿ ಅಕ್ಕೋರ,” ಎಂದಳು. ಅಲ್ಲಿಯವರೆಗೆ ಬಾಯಾರ ಎನ್ನುತ್ತಿದ್ದವಳು ಆ ದಿನ ಅಕ್ಕೋರ ಎಂದಳು. ಊರಲ್ಲಿ ಸಾಲಿ ಕಲಿಸುವವರನ್ನು ಹಾಗೇ ಕರೆಯುವುದು. ಗೋದಾವರಿಬಾಯಿಯವರ ಮುನ್ನೂರು ಮಕ್ಕಳಲ್ಲಿ ಒಬ್ಬರೂ ಇಂಗ್ಲಿಷನ್ನು ಚಂದ ಅಂದದ್ದು ಅವರಿಗೆ ನೆನಪಿರಲಿಲ್ಲ. ಇಂಪಾರ್ಟೆಂಟ್ ಅಂದಿದ್ದರು, ಅಷ್ಟೇ.

ಮೂರನೆಯ ಭಾನುವಾರ ಇಂಟರ್‌ವ್ಯೂವಿನ ತಾಲೀಮು. ಗೋದಾವರಿಬಾಯಿ ಸ್ಟೂಲನ್ನು ಬಾಗಿಲ ಕಡೆಗೆಳೆದು ಸಾಹೇಬರಂತೆ ಕಾಲ ಮೇಲೆ ಕಾಲು ಹಾಕಿ ಕೂತರು. ಹೆಸರು? ಬಂತು. ಊರು? ಬಂತು. ನೀರು ಚೆಲ್ಲಿದೆ, ಏನು ಮಾಡುತ್ತೀರಿ? ಐದು ನಿಮಿಷದಲ್ಲಿ ಆಳು ಕಳಿಸುತ್ತೇನೆ, ಅಲ್ಲಿಯವರೆಗೆ ಹಳದಿ ಬೋರ್ಡ್ ಇಡುತ್ತೇನೆ. ಅದೂ ಬಂತು, ಬೋರ್ಡಿನ ಸಮೇತ. ಗೋದಾವರಿಬಾಯಿಗೆ ಹುರುಪು ಬಂತು.

“ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?”

ಬಡಿತ ನಿಂತಿತು.

ಅರ್ಥವಾಗಿಲ್ಲವೇನೋ ಎಂದು ಅವರು ಇನ್ನೊಮ್ಮೆ ನಿಧಾನವಾಗಿ ಕೇಳಿದರು. ಗುರುಬಾಯಿ ಪರಾತದೊಳಗಿನ ಹಿಟ್ಟನ್ನೇ ನೋಡುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಕರಿಯ ಕಲೆ ಬಿಟ್ಟು ಹೊಗೆಯಾಡಿತು.

“ಬರಂಗಿಲ್ರಿ.”

“ಬರಂಗಿಲ್ಲೋ, ಹೇಳಂಗಿಲ್ಲೋ?”

“ಹೇಳಂಗಿಲ್ರಿ.”

ಗೋದಾವರಿಬಾಯಿಗೆ ಸಿಟ್ಟು ಬಂತು. ಮೂರು ವಾರ ಕಲಿಸಿದ್ದು ಇದಕ್ಕೇನು, ಯಾವ ಕಾಲದಲ್ಲಿ ಇದ್ದೀ, ಅವರು ಕೇಳಿಯೇ ಕೇಳುತ್ತಾರೆ, ಪೊಲೀಸ್ ವೆರಿಫಿಕೇಶನ್ ಫಾರ್ಮಿನಲ್ಲಿ ಎರಡನೆಯ ಸಾಲೇ ಅದು, ಎಂದೆಲ್ಲ ಆಡಿದರು. ಕನ್ನಡದಲ್ಲಿ ಬೇಡ, ಇಂಗ್ಲಿಷಿನಲ್ಲಿ ಹೇಳು, ದೇವರಿಗೇನು ಗೊತ್ತಾಗುತ್ತದೆ ಎಂದೂ ಅಂದರು.

“ಹೆಸರು ಹೆಸರೇ ಅಲ್ಲೇನ್ರಿ. ಇಂಗ್ಲಿಷ್‌ನಾಗ ಕೂಗಿದ್ರ ಅವ್ರು ಬ್ಯಾರೆಯವ್ರು ಅಕ್ಕಾರೇನ್ರಿ?”

ಆಮೇಲೆ ಅವಳು ಸುಟ್ಟ ರೊಟ್ಟಿಯನ್ನು ತೆಗೆದಿಟ್ಟು, ಒಲೆ ಆರಿಸಿ, ಯಾರಿಗೂ ಹೇಳದ ಒಂದು ಸಂಗತಿ ಹೇಳಿದಳು. ಆರು ವರ್ಷದ ಹಿಂದೆ ಸಂಗಣ್ಣ ಮೂರನೆಯ ಮಹಡಿಯ ಸೆಂಟ್ರಿಂಗ್ ಹಲಗೆಯಿಂದ ಬಿದ್ದ ದಿನ. ಸರಕಾರಿ ದವಾಖಾನೆಯ ಕಿಟಕಿಯ ಮುಂದೆ ಅವಳು ನಿಂತಿದ್ದಾಳೆ, ಗಂಡ ಹಿಂದೆ ಸ್ಟ್ರೆಚರಿನ ಮೇಲೆ, ಪ್ರಜ್ಞೆಯಿಲ್ಲ. ಕಿಟಕಿಯಾಚೆಯವನು ತೆಲುಗಿನಲ್ಲಿ ಪೇಷಂಟಿನ ಹೆಸರು ಕೇಳಿದ. ಆ ಹೊತ್ತಿನಲ್ಲಿ ಗಂಡನ ಆಯುಷ್ಯ ಇದ್ದದ್ದೇ ಒಂದು ಎಳೆ. ಅದನ್ನೂ ತನ್ನ ಬಾಯಿಯೇ ಕಡಿದರೆ? ಕಿಟಕಿಯವನು ಮತ್ತೆ ಕೇಳಿದ, ಹಿಂದಿನ ಸಾಲಿನವರು ಬೈದರು, ಆಕೆ ಮೂಕಿಯೇನೋ ಎಂದರು. ಹತ್ತು ವರ್ಷದ ಶೈಲಾ ಕಿಟಕಿಯ ಕಟ್ಟೆ ಹಿಡಿದು ತುದಿಗಾಲ ಮೇಲೆ ನಿಂತು, ಅಪ್ಪನ ಹೆಸರನ್ನು ಗಟ್ಟಿಯಾಗಿ ಹೇಳಿದಳು.

“ಬದುಕಿದ್ರು ನೋಡ್ರಿ. ಕಾಲು ಹೋತು, ಜೀವ ಉಳೀತು. ಡಾಕ್ಟರು ತಮ್ಮಿಂದ ಅಂದ್ರು. ಇರಬಹುದ್ರಿ. ಆದ್ರ ನಾನೂ ನನ್ನ ಪಾಲಿಂದು ಮಾಡೀನಲ್ರಿ.”

ಗೋದಾವರಿಬಾಯಿ ಕಾಲ ಮೇಲಿನ ಕಾಲು ಇಳಿಸಿದರು. ಸಾಹೇಬರಾಗಿ ಕೂತದ್ದು ಅವರಿಗೇ ಸರಿಬರಲಿಲ್ಲ. ಆ ದಿನ ಪಾಠ ಅಲ್ಲಿಗೇ ನಿಂತಿತು.

ಸನತ್‌ನಗರದ ಖೋಲಿಯಲ್ಲಿ ಇದು ಒಂದು ವಾರದ ಚರ್ಚೆಯಾಯಿತು. ಅವ್ವಾ, ಬರೀ ಮೂರು ಅಕ್ಷರ, ಎಂದು ಶೈಲಾ ತಲೆ ಚಚ್ಚಿಕೊಂಡಳು. ಸಂಗಣ್ಣ ಗೇಟಿಗೆ ಹೊರಡುವ ಮುನ್ನ ಕೋಲು ಊರಿ ನಿಂತು ಹೆಂಡತಿಯನ್ನು ನೋಡಿದ. “ಮೂರು ಮಾಳಿಗಿ ಮ್ಯಾಲಿಂದ ಬಿದ್ರೂ ಸಾಯಲಿಲ್ಲ, ನಿನ್ನ ಬಾಯಿಂದ ಬಿದ್ರ ಸಾಯ್ತೀನೇನ? ಹೇಳಿ ಬಾ. ನಾ ಅಪ್ಪಣಿ ಕೊಟ್ಟೀನಿ.” ಅವಳು ಅವನ ಡಬ್ಬಿಯನ್ನು ಕೈಗೆ ಕೊಟ್ಟು, ಮಾತು ಕೊಟ್ಟದ್ದು ನಿಮಗಲ್ಲ, ಅತ್ತೆಗೆ ಎಂದಳು. ಅವನು ಗಲ್ಲಿಯ ತಿರುವಿನವರೆಗೂ ನಗುತ್ತಲೇ ಕುಂಟಿದ.

ನಾಲ್ಕನೆಯ ಭಾನುವಾರ ಗುರುಬಾಯಿ ಒಂದು ನಿರ್ಧಾರ ಮಾಡಿಕೊಂಡೇ ಬಸ್ಸು ಹತ್ತಿದ್ದಳು. ಕೆಲಸ ಬೇಡ ಎಂದು ಪ್ರಾಜಕ್ತಾ ಮೇಡಮ್ಮಿಗೆ ಹೇಳಿಬಿಡುವುದು. ಮೊಣಕಾಲಿಗೆ ಎಣ್ಣೆ ಇದ್ದೇ ಇದೆ. ಅದನ್ನು ಹೇಳುವ ಮೊದಲೇ ಗೋದಾವರಿಬಾಯಿ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಹೊರಗೆ ಅವರ ಯಜಮಾನರು ಸೂರ್ಯನಾರಾಯಣರಾಯರು ಪೇಪರು ಓದುತ್ತಿದ್ದರು. ಈಚೆಗೆ ಕಿವಿ ಮಂದ.

“ನಿನಗೊಂದು ಮಾತು ಹೇಳ್ತೀನಿ, ನಗಬಾರ್ದು. ನನ್ನ ಮದಿವ್ಯಾಗ ನನಗೂ ಒಡಪು ಹೇಳು ಅಂದ್ರು. ಆಗ ನಾ ಎಂ.ಎ. ಓದತಿದ್ದೆ. ಇಂಗ್ಲಿಷ್‌ನಾಗ ಒಂದು ಕಟ್ಟಿದ್ದೆ. ಮಂದಿ ಏನಂತಾರೋ ಅಂತ ಹೆದರಿ ನುಂಗಿದೆ. ಹಳೇದೇ ಒಂದು ಹೇಳಿ ಒಳಗ ಬಂದೆ.”

“ಏನ್ ಕಟ್ಟಿದ್ರಿ?”

ಗೋದಾವರಿಬಾಯಿ ಬಾಗಿಲ ಕಡೆ ನೋಡಿ, ಮೂವತ್ಮೂರು ವರ್ಷ ಇಟ್ಟುಕೊಂಡಿದ್ದ ಆ ಎರಡು ಸಾಲನ್ನು ಮೆಲ್ಲಗೆ ಹೇಳಿದರು. ಮುಂಜಾವು, ನದಿ, ನದಿಯ ಮೇಲೆ ಏಳುವ ಸೂರ್ಯ, ಕೊನೆಗೆ ಯಜಮಾನರ ಹೆಸರು ಅಂತ ಏನೋ ಇತ್ತು. ಗುರುಬಾಯಿಗೆ ಶಬ್ದಗಳು ಪೂರಾ ತಿಳಿಯಲಿಲ್ಲ. ಆದರೆ ಸಣ್ಣ ಪೆಟ್ಟು ದೊಡ್ಡ ಪೆಟ್ಟು ತಿಳಿಯಿತು. ಹೇಳುವಾಗ ಬಾಯಾರ ಕಿವಿ ಕೆಂಪಾದದ್ದೂ ಕಂಡಿತು. ಅವಳ ಕೈ ತಾನಾಗಿ ಪರಾತದ ಅಂಚನ್ನು ತಟ್ಟಿತು.

“ಅಕ್ಕೋರ,” ಎಂದಳು ಗುರುಬಾಯಿ ನಿಧಾನಕ್ಕೆ, “ಇಂಗ್ಲಿಷ್‌ನಾಗೂ ಒಡಪು ಅಕ್ಕೈತೇನ್ರಿ?”

“ಪ್ರಾಸ ಅದ, ಬಡಿತ ಅದ, ಹೆಸರಿಗೆ ಜಾಗ ಅದ. ಇನ್ನೇನು ಬೇಕು?”

ಗೋದಾವರಿಬಾಯಿ ಹೂವು, ಹಕ್ಕಿ, ಚಂದ್ರ ಎಂದು ನಾಲ್ಕೈದು ಸಾಲು ಕಟ್ಟಿ ಕೊಟ್ಟರು. ಒಂದೂ ಗುರುಬಾಯಿಯ ಬಾಯಲ್ಲಿ ನಿಲ್ಲಲಿಲ್ಲ. ಒಡಪು ಅಂದರೆ ತನ್ನ ಕಣ್ಣಿಗೆ ಕಂಡದ್ದಿರಬೇಕು. ಆಗ ತೊಗರಿ ಹೊಲ ಕಂಡಿತ್ತು, ಹೇಳಿದ್ದಳು. ಈಗ ದಿನಾ ಕಾಣುವುದೇನು? ನಾಲ್ಕನೇ ಮಹಡಿಯ ಗಾಜು. ಬೆಳಿಗ್ಗೆ ಅದರ ಮೇಲೆ ಧೂಳು ಕೂತು ಹೊರಗೆಲ್ಲ ಮಂಕು. ಅವಳು ಮೇಲಿಂದ ಕೆಳಗೆ ಒಂದು ಪಟ್ಟೆ ಒರೆಸುತ್ತಾಳೆ, ಆ ಪಟ್ಟೆಯಷ್ಟು ಆಕಾಶ ಒಳಗೆ ಬರುತ್ತದೆ. ಇನ್ನೊಂದು ಪಟ್ಟೆ, ಇನ್ನಷ್ಟು. ಇದನ್ನು ಅವಳು ಕನ್ನಡದಲ್ಲಿ ಹೇಳಿದಳು. ಗೋದಾವರಿಬಾಯಿ ಶಬ್ದಕ್ಕೆ ಶಬ್ದ ಕೊಟ್ಟರು, ಅವಳು ಬಡಿತಕ್ಕೆ ಹೊಂದಿಸಿದಳು. ರೊಟ್ಟಿ ಮುಗಿಯುವುದರೊಳಗೆ ಎರಡು ಸಾಲು ಆದವು.

ಬಾಗಿಲು ತೆಗೆದಾಗ ಸೂರ್ಯನಾರಾಯಣರಾಯರು ಪೇಪರಿನಿಂದ ತಲೆ ಎತ್ತದೆ, ಒಳಗೆ ಯಾರೋ ನನ್ನನ್ನು ಕರೆದಂತಾಯಿತು ಎಂದರು. ಯಾರೂ ಇಲ್ಲ, ಚಹಾ ತರುತ್ತೇನೆ ಎಂದು ಗೋದಾವರಿಬಾಯಿ ಮತ್ತೆ ಒಳಗೆ ಹೋದರು.

ಇಂಟರ್‌ವ್ಯೂ ಬುಧವಾರ. ಉದ್ದ ಮೇಜಿನ ಆಚೆ ಕಂಪನಿಯ ನಿಶಾಂತ್ ಸರ್, ಲ್ಯಾಪ್‌ಟಾಪಿನ ಹಿಂದೆ ಅರ್ಧ ಮುಖ. ಪಕ್ಕದಲ್ಲಿ ಪ್ರಾಜಕ್ತಾ ಮೇಡಂ. ಕುರ್ಚಿಯ ಮೇಲೆ ಕೂತು ಆ ಕೋಣೆಯನ್ನು ನೋಡಿದ್ದು ಗುರುಬಾಯಿಗೆ ಅದೇ ಮೊದಲು. ಮೇಜಿನ ಕೆಳಗೆ ತೊಡೆಯ ಮೇಲೆ ಬೆರಳಿನಿಂದ ಸಣ್ಣಗೆ ಬಡಿಯುತ್ತ ಉತ್ತರ ಕೊಟ್ಟಳು. ಎರಡು ಕಡೆ ತಡವರಿಸಿದಳು. ಒಂದು ಪ್ರಶ್ನೆ ತಿಳಿಯದಿದ್ದಾಗ, ಗೋದಾವರಿಬಾಯಿ ಹೇಳಿಕೊಟ್ಟಂತೆ, ದಯವಿಟ್ಟು ಇನ್ನೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಅವನು ಇನ್ನೊಮ್ಮೆ ಹೇಳಿದ. ಕೊನೆಗೆ ವೆರಿಫಿಕೇಶನ್ ಫಾರ್ಮು ತೆರೆದು, ಕಣ್ಣೆತ್ತದೆ, ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೇಳಿದ.

“ಹಸ್ಬೆಂಡ್ಸ್ ನೇಮ್?”

ಗುರುಬಾಯಿ ಎದ್ದು ನಿಂತಳು. ಒಡಪನ್ನು ಕೂತು ಹೇಳುವುದಿಲ್ಲ. ತಲೆಯ ಮೇಲೆ ಎಳೆದುಕೊಳ್ಳಲು ಸಮವಸ್ತ್ರಕ್ಕೆ ಸೆರಗಿರಲಿಲ್ಲ. ಹೆಗಲಿನ ಮೇಲೆ ಕೈ ಹೋಗಿ ಬರಿದೇ ಬಂತು. ಎರಡೂ ಕೈ ಮುಂದೆ ಕಟ್ಟಿಕೊಂಡಳು.

“ಐ ಕ್ಲೀನ್ ದ ಗ್ಲಾಸ್, ದ ಸ್ಕೈ ಕಮ್ಸ್ ಥ್ರೂ,
ಸಂಗಣ್ಣ ಈಸ್ ಮೈ ಹಸ್ಬೆಂಡ್, ದಟ್ ಈಸ್ ಟ್ರೂ.”

ನಿಶಾಂತ್ ಸರ್ ತಲೆ ಎತ್ತಿದ. ಹೆಸರು ಮಾತ್ರ ಇನ್ನೊಮ್ಮೆ ಹೇಳಿ ಎಂದ. ಗುರುಬಾಯಿ ಗಾಜಿನಿಂದ ಶುರುಮಾಡಿ ಎರಡೂ ಸಾಲು ಇನ್ನೊಮ್ಮೆ ಹೇಳಿದಳು. ಅವನು ಪ್ರಾಜಕ್ತಾಳ ಕಡೆ ತಿರುಗಿದ. ಪ್ರಾಜಕ್ತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೆಂದುಕೊಂಡಳು ಗುರುಬಾಯಿ. ನೋಡಿದರೆ ಕಣ್ಣಲ್ಲಿ ನೀರು.

“ಉಖಾಣಾ,” ಎಂದಳು ಪ್ರಾಜಕ್ತಾ. ಆಮೇಲೆ ಅವನಿಗೆ ಇಂಗ್ಲಿಷಿನಲ್ಲಿ ಗಡಗಡ ವಿವರಿಸಿದಳು. ನಮ್ಮ ಮರಾಠಿಯಲ್ಲೂ ಇದೆ, ನನ್ನ ಮದುವೆಯಲ್ಲಿ ನಾನೂ ಹೇಳಿದ್ದೇನೆ, ಫೋನಿನಲ್ಲಿ ಹುಡುಕಿ ಬಾಯಿಪಾಠ ಮಾಡಿದ್ದು. ಈಕೆ ಇಂಗ್ಲಿಷಿನಲ್ಲಿ ತಾನೇ ಕಟ್ಟಿದ್ದಾಳೆ ಎಂದಳು. ಅಷ್ಟೂ ಗುರುಬಾಯಿಗೆ ಅರ್ಥವಾಯಿತು. ಅರ್ಥವಾಯಿತು ಎಂಬುದೂ ಅವಳಿಗೆ ಒಂದು ಗಳಿಗೆ ತಡವಾಗಿ ಗೊತ್ತಾಯಿತು.

ನಿಶಾಂತ್ ಸರ್ ಅವಳ ಹಿಂದಿನ ದೊಡ್ಡ ಗಾಜನ್ನು ನೋಡಿದ, ಅದರಾಚೆಯ ಆಕಾಶವನ್ನೂ. ಆಮೇಲೆ ಹೆಸರನ್ನು ಟೈಪ್ ಮಾಡಿದ. ಸೋಮವಾರದಿಂದ ನಾಲ್ಕನೇ ಮಹಡಿಯ ವಾಕಿಟಾಕಿ ನಿನ್ನ ಕೈಯಲ್ಲಿ ಎಂದು ಪ್ರಾಜಕ್ತಾ ಲಿಫ್ಟಿನ ಹತ್ತಿರ ಬಂದು ಹೇಳಿದಳು.

ಸಂಗಣ್ಣ ಗೇಟಿಗೆ ಹೋಗದೆ ಖೋಲಿಯ ಕಟ್ಟೆಯ ಮೇಲೆ ಕಾದಿದ್ದ. ಕೆಲಸ ಸಿಕ್ಕಿತು ಎಂದಾಗ ಅವನ ಮೊದಲ ಪ್ರಶ್ನೆ ಕೆಲಸದ್ದಾಗಿರಲಿಲ್ಲ.

“ಹೆಸರು ಹೇಳಿದಿ?”

ಗುರುಬಾಯಿ ಒಳಗೆ ಹೋಗಿ ಸೀರೆ ಉಟ್ಟುಕೊಂಡು ಬಂದಳು. ಹೊಸ್ತಿಲಲ್ಲಿ ನಿಂತು ತಲೆ ಮೇಲೆ ಸೆರಗೆಳೆದುಕೊಂಡಳು. ಒಲೆಯ ಮುಂದಿದ್ದ ಶೈಲಾ ಕೈಯಲ್ಲಿನ ಸೌಟು ಹಾಗೇ ಹಿಡಿದು ತಿರುಗಿದಳು. ಗುರುಬಾಯಿ ಎರಡು ಸಾಲನ್ನೂ ಸಣ್ಣ ಪೆಟ್ಟು ದೊಡ್ಡ ಪೆಟ್ಟಿನೊಂದಿಗೆ ಹೇಳಿದಳು. ಸಂಗಣ್ಣನಿಗೆ ಅದರಲ್ಲಿ ತಿಳಿದದ್ದು ಒಂದೇ ಶಬ್ದ. ಆ ಶಬ್ದವನ್ನು ಆ ದನಿಯಲ್ಲಿ ಅವನು ಹತ್ತೊಂಬತ್ತು ವರ್ಷದ ಹಿಂದೆ ಕೇಳಿದ್ದ. ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಗಲ್ಲಿಯ ಕಡೆ ಮುಖ ಮಾಡಿ ಕೂತ.

“ಉಳಿದದ್ದೇನೋ ತಿಳೀಲಿಲ್ಲ,” ಎಂದ. “ಇನ್ನೊಮ್ಮಿ ಹೇಳು.”

ಅವಳು ಇನ್ನೊಮ್ಮೆ ಹೇಳಿದಳು, ಒಡಪಿನಲ್ಲೇ. ಬರೇ ಹೆಸರು ಎಲ್ಲೂ ಹೇಳಲಿಲ್ಲ. ಅತ್ತೆಗೆ ಕೊಟ್ಟ ಮಾತನ್ನು ಗುರುಬಾಯಿ ಉಳಿಸಿಕೊಂಡಳು.